ಕೇಳದೆ ಹಾಕಿದ ಕ್ಯಾರಮೆಲ್

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಪದಗಳೂ ನನ್ನ ಹತ್ತಿರ ಕಡಿಮೆ. ಸಹಿಸಿಕೊಂಡು ಓದಿ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು. ಓದಲು ಬಾರದೆ ಬಿಟ್ಟಿದ್ದಲ್ಲ. ಎದ್ದು ನಿಂತು ಗಟ್ಟಿಯಾಗಿ ಓದು ಎಂದರೆ ದನಿಯೇ ಹೊರಡುತ್ತಿರಲಿಲ್ಲ.

ನಮ್ಮ ಚಿಕ್ಕಮ್ಮ ಒಂದು ಆಫೀಸು ಕಟ್ಟಡದ ಕೆಳಗೆ ಕಾಫಿ ಕೌಂಟರ್ ನಡೆಸುತ್ತಾಳೆ. ನನ್ನನ್ನು ಅಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಹೇಳಿದ್ದಳು: "ಸರಿಹೋದ್ರೆ ಇರ್ತೀಯ. ಇಲ್ಲಾಂದ್ರೆ ಮನೆಗೆ ಹೋಗಿ ಮತ್ತೆ ಕಿಟಕಿ ಪಕ್ಕ ಕೂತ್ಕೋ." ಆ ಕಿಟಕಿ ನನಗೆ ಸಾಕುಸಾಕಾಗಿತ್ತು.

ಕಾಫಿಯನ್ನು ಯಂತ್ರವೇ ಮಾಡುತ್ತದೆ. ಕಷ್ಟವೆಲ್ಲ ಕ್ರೀಮರಿನದು! ಹಾಲಿನ ಬದಲು ಬೆರೆಸುವ ಈ ವಸ್ತುವಿನಲ್ಲಿ ಎಷ್ಟೊಂದು ಬಗೆ! ಸಾದಾ ಪುಡಿ, ವೆನಿಲಾ, ಹೇಝಲ್‌ನಟ್, ಓಟ್ಸ್ ಹಾಲಿನದು, ತೆಂಗಿನ ಹಾಲಿನದು, ಇವರೆಲ್ಲರ ಮಹಾರಾಣಿಯಾಗಿ ಸುಟ್ಟ ಸಕ್ಕರೆಯ ಸಿಹಿಯ ಕ್ಯಾರಮೆಲ್ ಪುಡಿ. ಬಂದವರನ್ನೆಲ್ಲ "ಯಾವುದು ಹಾಕಲಿ?" ಎಂದು ಕೇಳಬೇಕು. ಎರಡೇ ಪದ. ನನಗೆ ಎರಡು ಬೆಟ್ಟ.

ಆಗ ಮಹಾಪ್ರತಿಜ್ಞೆ ಮಾಡಿದೆ. ಒಬ್ಬರನ್ನು ಒಂದೇ ಸಲ ಕೇಳುವುದು, ಆಮೇಲೆ ಈ ಜನ್ಮದಲ್ಲಿ ಕೇಳುವುದಿಲ್ಲ! ಮುಖ ಕಂಡೊಡನೆ ಕೈ ಸರಿಯಾದ ಡಬ್ಬಕ್ಕೆ ಹೋಗಬೇಕು. ಹೋಗಿಯೂ ಹೋಯಿತು. ದಪ್ಪ ಕನ್ನಡಕದವರಿಗೆ ಓಟ್ಸ್, ಲಿಫ್ಟ್ ರಿಪೇರಿಯವರಿಗೆ ವೆನಿಲಾ, ನೀಲಿ ಚೀಲದ ಅಕ್ಕನಿಗೆ ಹೇಝಲ್‌ನಟ್. "ಇವಳ ತಲೆ ಕಂಪ್ಯೂಟರ್ ಕಣ್ರೀ" ಎಂದು ಚಿಕ್ಕಮ್ಮ ಎಲ್ಲರಿಗೂ ಹೇಳಿದಳು. ನಾನು ಬಾಯಿ ಬಿಡದೆಯೇ ಬೀಗಿದೆ.

ಚಿಕ್ಕಪ್ಪ ಅದೇ ಕಟ್ಟಡದಲ್ಲಿ ಗುಮಾಸ್ತರು. ಚಿಕ್ಕಮ್ಮ ಸಾಮಾನು ತರಲು ಹೋದ ಹೊತ್ತು ನೋಡಿ ಕೆಳಗಿಳಿಯುತ್ತಿದ್ದರು. ಅವರಿಗೆ ಕ್ಯಾರಮೆಲ್, ಎರಡು ಚಮಚ. ಡಾಕ್ಟರು ಸಿಹಿ ಬಿಡಿಸಿದ್ದಾರೆ, ಮನೆಯಲ್ಲಿ ಅವರು ಕಹಿ ಕಾಫಿಯನ್ನು ತಪಸ್ವಿಯ ಹಾಗೆ ಕಣ್ಣುಮುಚ್ಚಿ ಕುಡಿಯುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ.

ಇವತ್ತು ಅವರು ಬಂದಾಗ ಚಿಕ್ಕಮ್ಮ ನನ್ನ ಪಕ್ಕದಲ್ಲೇ ಲೋಟ ಒರೆಸುತ್ತಿದ್ದಳು. ಅವರು ಬಾಯಿ ತೆರೆಯುವ ಮೊದಲೇ ನನ್ನ ಕೈ ಕ್ಯಾರಮೆಲ್ ಡಬ್ಬದಲ್ಲಿತ್ತು. ಎರಡು ಚಮಚ ಹಾಕಿದೆ. ಚಿಕ್ಕಪ್ಪ ಕಣ್ಣು ಮಿಟುಕಿಸಿದರು. ಇನ್ನೂ ಬೇಕೇನೋ ಎಂದು ಮೂರನೆಯದು ಹಾಕಿದೆ. ಕಣ್ಣು ಅಗಲಿಸಿದರು. ನಾಲ್ಕನೆಯದು! ಜೋರಾಗಿ ಕೆಮ್ಮಿದರು. ಚಿಕ್ಕಮ್ಮ ತಿರುಗಿದಳು.

"ರೀ, ಇದೇನ್ರೀ ಇದು?"

"ಅದೂ... ಹುಡುಗಿ ಹೊಸಬಳು. ಗೊತ್ತಾಗದೆ ಹಾಕಿಬಿಟ್ಟಿದ್ದಾಳೆ, ಪಾಪ."

ಗೊತ್ತಾಗದೆಯೇ! ನನ್ನ ಕಂಪ್ಯೂಟರಿಗೆ ಅವಮಾನ! ಯಾರೂ ಕೇಳದೆಯೇ ನನ್ನ ಬಾಯಿ ತೆರೆಯಿತು.

"ಇಲ್ಲ ಚಿಕ್ಕಮ್ಮ, ತಪ್ಪಿಲ್ಲ. ಚಿಕ್ಕಪ್ಪಂಗೆ ದಿನಾ ಇದೇ."

"ದಿನಾ?" ಚಿಕ್ಕಮ್ಮನ ಕೈಯ ಬಟ್ಟೆ ಲೋಟದೊಳಗೇ ನಿಂತಿತು. "ಏನೂ ತಿನ್ನದೆ ಸಕ್ಕರೆ ಹೇಗಮ್ಮಾ ಏರುತ್ತೆ ಅಂತ ಆ ಡಾಕ್ಟರು ತಲೆ ಕೆರ್ಕೋತಾರೆ! ನಿಮ್ಮ ಜೊತೆ ಕಹಿ ಕುಡಿದು ಕುಡಿದು ನನ್ನ ನಾಲಿಗೆ ಸತ್ತುಹೋಯ್ತು!"

"ಮೆಲ್ಲಗೆ ಕಣೇ. ಹಿಂದೆ ನಮ್ಮ ಸಾಹೇಬ್ರಿದ್ದಾರೆ."

"ಇರಲಿ! ಅವರೂ ಕೇಳಲಿ!"

ಸಾಹೇಬರು ಕಾಫಿಯ ಆಸೆ ಬಿಟ್ಟು ಮೆಲ್ಲನೆ ಸರಿದರು. ಅವರ ಹಿಂದೆ ಹೆಚ್ಚುಕಡಿಮೆ ಇಡೀ ಸಾಲು ಬಿಸಿ ಕಾಫಿಗೆ ಬಿದ್ದ ಪುಡಿಯಂತೆ ಕರಗಿತು. ಚಿಕ್ಕಪ್ಪ ಲೋಟ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರು. ಚಿಕ್ಕಮ್ಮ ನನ್ನ ಕಡೆ ತಿರುಗಿದಳು.

"ಕೇಳಿ ಹಾಕೋಕೆ ಏನು ರೋಗ ನಿಂಗೆ?"

"ನಂಗೆ ಮಾತು ಬರಲ್ಲ ಚಿಕ್ಕಮ್ಮ."

"ಈಗ ಬಂತಲ್ಲ! ಮನೆ ಒಡೆಯೋಕೆ ಬರುತ್ತೆ, ಕಾಫಿ ಕೊಡೋಕೆ ಬರಲ್ವಾ?" ಕೈಯಲ್ಲಿದ್ದ ಲೋಟವನ್ನು ಕೌಂಟರಿನ ಮೇಲೆ ಕುಕ್ಕಿದಳು. ನನಗೆ ಆ ಕಿಟಕಿ ಕಣ್ಣೆದುರು ಬಂತು. "ನೋಡು, ಒಬ್ಬರು ಉಳಿದಿದ್ದಾರೆ. ಬಾಯಿಬಿಟ್ಟು ಕೇಳು. ಕೇಳಿದ್ರೆ ಇರ್ತೀಯ."

ಉಳಿದವರು ನೀಲಿ ಚೀಲದ ಅಕ್ಕ. ಕೈ ಆಗಲೇ ಹೇಝಲ್‌ನಟ್ ಕಡೆ ಹೊರಟಿತ್ತು. ಹಿಡಿದು ವಾಪಸು ತಂದೆ. ಎರಡು ಸಲ ಗಾಳಿ ಮಾತ್ರ ಹೊರಟಿತು, ಮೂರನೆಯ ಸಲ ದನಿ.

"ಅಕ್ಕಾ... ಯಾವುದು ಹಾಕಲಿ?"

ಅಕ್ಕನ ಮುಖ ಕೆಂಪಾಯಿತು. ನನಗಿಂತ ಮೆಲ್ಲಗೆ ಹೇಳಿದರು:

"ಸಾದಾ ಪುಡಿ ಹಾಕ್ತೀಯಾ? ನಂಗೆ ಹೇಝಲ್‌ನಟ್ ವಾಸನೆಯೇ ಆಗಲ್ಲ. ಮೊದಲ ದಿನ ಗಾಬರೀಲಿ ಯಾವುದೋ ಡಬ್ಬ ತೋರಿಸಿಬಿಟ್ಟೆ. ಆಮೇಲೆ ನೀನು ದಿನಾ ಅಷ್ಟು ಅಕ್ಕರೆಯಿಂದ ಹಾಕ್ಕೊಡ್ತಿದ್ದೆ, ಬೇಡ ಅನ್ನೋಕೆ ನಾಚಿಕೆ ಆಯ್ತು. ಮೂಗು ಮುಚ್ಕೊಂಡು ಕುಡೀತಿದ್ದೆ."

ಕೇಳಲು ನಾಚುವವಳು ನಾನು, ಬೇಡವೆನ್ನಲು ನಾಚುವವರು ಅವರು. ನಡುವೆ ಹೇಝಲ್‌ನಟ್ ಡಬ್ಬ ಮಾತ್ರ ಸುಮ್ಮನೆ ಖಾಲಿಯಾಗುತ್ತಿತ್ತು! ನೆನಪಿಟ್ಟುಕೊಂಡರೆ ಸಾಕು, ಎಲ್ಲರಿಗೂ ಖುಷಿ ಎಂದುಕೊಂಡಿದ್ದೆ. ಇಷ್ಟು ದಿನ ನನ್ನನ್ನು ನೋಡಿ ನಕ್ಕವರಲ್ಲಿ ಇನ್ನೆಷ್ಟು ಜನ ಮೂಗು ಮುಚ್ಚಿಕೊಂಡು ಕುಡಿದರೋ.

ಚಿಕ್ಕಪ್ಪನ ಲೋಟವನ್ನು ಇನ್ನು ಮೇಲೆ ಚಿಕ್ಕಮ್ಮನೇ ನೋಡಿಕೊಳ್ಳುತ್ತಾಳೆ. ನಾನು ನಾಳೆ ಬೆಳಿಗ್ಗೆ ಕೌಂಟರ್ ತೆರೆದ ಕೂಡಲೇ ದಪ್ಪ ಕನ್ನಡಕದವರನ್ನು ಕೇಳುತ್ತೇನೆ, ಅವರಿಗೆ ಓಟ್ಸ್ ನಿಜಕ್ಕೂ ಇಷ್ಟವೇ ಎಂದು.