ಐಸಾ ಎಂದು ತಂಗಿಯನ್ನು ಓಡಿಸಿದ್ದು

ಲಾರಿಗೆ ಮರ ತುಂಬುವ ಕೆಲಸದಲ್ಲಿ ಕಡಿಮೆ ಭಾರ ಹೊತ್ತು ಹೆಚ್ಚು ಹೆಸರು ಮಾಡುವ ಜಾಗ ಒಂದಿದೆ. ಅದು ಕೂಗು ಹಾಕುವವನ ಜಾಗ. ಹತ್ತು ಜನ ಸಿಲ್ವರ್ ಓಕ್ ದಿಮ್ಮಿಗೆ ಹೆಗಲು ಕೊಟ್ಟು ನಿಂತಾಗ ಒಬ್ಬ ಪದ ಎತ್ತಿಕೊಡಬೇಕು, ಉಳಿದವರು "ಐಸಾ" ಎಂದು ಒಟ್ಟಿಗೆ ಬಲ ಹಾಕಬೇಕು. ಹಾನುಬಾಳಿನ ಸುತ್ತಮುತ್ತಲ ಕಾಫಿ ಎಸ್ಟೇಟುಗಳಲ್ಲಿ ಎಷ್ಟೋ ವರ್ಷದಿಂದ ಆ ಒಬ್ಬ ನಾನೇ. "ಎತ್ತಿ ನೋಡು" ಎಂದರೆ "ಐಸಾ". "ಸಾಹುಕಾರ್ರ ಹೊಟ್ಟೆ" ಎಂದರೆ "ಐಸಾ". "ಲಾರಿಗಿಂತ ದಪ್ಪ" ಎನ್ನುವಷ್ಟರಲ್ಲಿ ದಿಮ್ಮಿ ಮೇಲೆ. ಸಾಹುಕಾರರು ಅಲ್ಲೇ ನಿಂತಿದ್ದರೆ ಹೊಟ್ಟೆಯ ಜಾಗಕ್ಕೆ ಅವರ ಜೀಪು ಬರುತ್ತದೆ, ಅಷ್ಟೇ. ಕೂಗುವವನ ಕೈಯೂ ದಿಮ್ಮಿಯ ಮೇಲೆಯೇ ಇರುತ್ತದೆ. ಆದರೆ ಅದು ಹಸುವಿನ ಬೆನ್ನು ಸವರುವ ಕೈಯಂತೆ ಇರುತ್ತದೆ ಎಂಬುದು ನಮ್ಮ ಗುಂಪಿನ ಹಿರಿಯ ಮಂಜಣ್ಣನ ದೂರು. "ನಿನ್ ಬಾಯಿ ಎರಡಾಳು ಕಣೋ, ಮೈ ಮಾತ್ರ ಅರ್ಧಾಳು" ಎನ್ನುತ್ತಾನೆ. ಅರ್ಧಾಳು ಎಂಬುದಕ್ಕೆ ಬೇಜಾರಾಗಬೇಕಿತ್ತು. ನನಗೆ ಎರಡಾಳು ಎಂದದ್ದೇ ಕಿವಿಯಲ್ಲಿ ಉಳಿಯುತ್ತದೆ.

ನನ್ನ ತಂಗಿ ಸವಿತಾ ನನ್ನಂತಲ್ಲ. ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು, ಅವಳು ಪಿಯುಸಿ ಮುಗಿಸಿದವಳು. ತೋಟಕ್ಕೆ ಆನೆ ಬಂತೆಂದರೆ ನಾವೆಲ್ಲ ಯಾವ ದಿಕ್ಕಿನಿಂದ ಓಡಿ ಬರುತ್ತೇವೋ ಆ ದಿಕ್ಕಿಗೇ ಖಾಕಿ ಹಾಕಿಕೊಂಡು ನಡೆದು ಹೋಗುವವರನ್ನು ನೋಡಿ ನೋಡಿ, ತಾನೂ ಫಾರೆಸ್ಟ್ ಗಾರ್ಡ್ ಆಗಬೇಕೆಂದು ಹಟ ಹಿಡಿದಿದ್ದಳು. ಓದಿನ ಚಿಂತೆ ಅವಳಿಗಿರಲಿಲ್ಲ. ಓಟದ ಪರೀಕ್ಷೆಯೇ ಕಷ್ಟ. ಅರ್ಧ ದಾರಿಗೆ ಏದುಸಿರು ಬಂದು, ಪಕ್ಕೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಮಿಲಿಟರಿಯವರು ಓಡುವಾಗ ಒಬ್ಬ ಕೂಗುತ್ತಾನೆ, ಉಳಿದವರು ಉತ್ತರ ಕೊಡುತ್ತಾರೆ, ಅದರಿಂದ ಹೆಜ್ಜೆಯೂ ಉಸಿರೂ ಹದಕ್ಕೆ ಬರುತ್ತವೆ ಎಂದು ಮೊಬೈಲಿನಲ್ಲಿ ನೋಡಿಕೊಂಡು ಬಂದು ಒಂದು ದಿನ ಕೇಳಿದಳು: "ಅಣ್ಣ, ನಿಂಗೆ ಕೂಗು ಹಾಕೋದು ಬತ್ತದಲ್ಲ, ನಂಗೂ ಹಾಕ್ತೀಯಾ?"

ಏಳನೇ ಕ್ಲಾಸಿನವನ ಹತ್ತಿರ ಪಿಯುಸಿಯವಳು ಪಾಠ ಕೇಳುವುದೆಂದರೇನು! ಮಾರನೆಯ ಬೆಳಿಗ್ಗೆಯೇ ಶುರು. ಅವಳು ಮುಂದೆ ಓಡುವುದು, ನಾನು ಹಿಂದೆ ಸ್ಕೂಟರಿನಲ್ಲಿ ಕೂತು ಪದ ಎತ್ತುವುದು, ಅವಳು "ಐಸಾ" ಎನ್ನುವುದು. ಸ್ಕೂಟರಿಗೆ ಏದುಸಿರು ಬರುವುದಿಲ್ಲವಾದ್ದರಿಂದ ನನ್ನ ಕೂಗು ಏರಿನಲ್ಲೂ ಇಳಿಜಾರಿನಲ್ಲೂ ಒಂದೇ ಸಮ ಗಟ್ಟಿಯಾಗಿತ್ತು. ಅವಳ ಓಟ ಮಾತ್ರ ಎತ್ತಿ ಕುಕ್ಕಿದಂತೆ ಕಾಣುತ್ತಿತ್ತು. ಅಭ್ಯಾಸವಾದರೆ ಸರಿಹೋಗುತ್ತದೆ ಎಂದೆ. ಕೂತು ಹೇಳುವವನಿಗೆ ಎಲ್ಲವೂ ಸರಿಹೋಗುತ್ತದೆ.

ಇನ್ನು ನನ್ನ ತಪ್ಪಿನ ವಿಷಯ. ಪರೀಕ್ಷೆಯ ದಿನ ಮೈದಾನದ ಹಗ್ಗದಾಚೆ ನಾನು ನಿಂತಿದ್ದೆ. ಕೊನೆಯ ಸುತ್ತು. ಸವಿತಾ ಹೇಗೋ ಸುಧಾರಿಸಿಕೊಂಡು ಮುಂದಿನವರ ಜೊತೆಗೇ ಬರುತ್ತಿದ್ದಳು. ಇನ್ನೊಂದು ಚೂರು ಬಲ ಬೇಕು ಅನ್ನಿಸಿತು. ಎದೆ ತುಂಬ ಗಾಳಿ ಎಳೆದುಕೊಂಡು "ಐಸಾ" ಎಂದು ಕೂಗಿಬಿಟ್ಟೆ. ದಿಮ್ಮಿ ಹೆಗಲಿಗೆ ಬಂತೋ ಎಂಬಂತೆ ಅವಳು ಉಸಿರು ಬಿಗಿಹಿಡಿದು ಕಾಲೂರಿದಳು. ಊರಿದ ಕಾಲು ಮತ್ತೆ ಏಳುವಷ್ಟರಲ್ಲಿ ನಾಲ್ವರು ದಾಟಿದ್ದರು. ಸಮಯ ಮುಗಿಯಿತೆಂದು ಸೀಟಿ ಊದಿದಾಗ ಗೆರೆಗೆ ಇನ್ನೂ ಹತ್ತು ಹೆಜ್ಜೆಯಿತ್ತು. ಮನೆಯಲ್ಲಿ ಅಮ್ಮ ಏನಾಯ್ತೆಂದು ಕೇಳಿದಳು. "ಪಕ್ಕದ ಹುಡುಗಿ ಮೊಣಕೈಲಿ ತಳ್ಬುಟ್ಲು ಕಣಮ್ಮ" ಎಂದುಬಿಟ್ಟೆ. ಸವಿತಾ ಒಮ್ಮೆ ನನ್ನ ಮುಖ ನೋಡಿ, ರೊಟ್ಟಿ ಮುರಿದಳು. ಹುಟ್ಟಿಯೇ ಇರದ ಆ ಹುಡುಗಿಗೆ ಅಮ್ಮ ದೀಪ ಹಚ್ಚುವಾಗಲೆಲ್ಲ ಶಾಪ ಹಾಕುತ್ತಿದ್ದಳು. ಪ್ರತಿ ಸಲವೂ ನನ್ನ ಮೊಣಕೈ ನೋಯುತ್ತಿತ್ತು.

ಮುಂದಿನ ಸಲ ಅರ್ಜಿ ಕರೆದಾಗ ಅವಳ ವಯಸ್ಸಿನ ಮಿತಿ ಮುಗಿಯುತ್ತ ಬಂದಿತ್ತು. ಇದು ತಪ್ಪಿದರೆ ಇನ್ನೊಂದಿಲ್ಲ. ಪ್ರಾಯಶ್ಚಿತ್ತಕ್ಕೆಂದು, ಈ ಸಲ ನಾನೂ ಜೊತೆಗೇ ಓಡುತ್ತೇನೆ ಎಂದೆ. ಎಸ್ಟೇಟಿನ ಗೇಟು ದಾಟಿ ಮೂರನೇ "ಐಸಾ"ಗೆ ದಾರಿ ಬದಿಯ ಕಲ್ಲು ಅಪ್ಪಿಕೊಂಡು ಕೂತೆ. ಸವಿತಾ ನನ್ನ ಸುತ್ತ ಒಂದು ಸುತ್ತು ಹಾಕಿ ದನದ ಡಾಕ್ಟರಂತೆ ನೋಡಿದಳು.

"ಅಣ್ಣ, ಇನ್ನೊಂದ್ಸಲ ಐಸಾ ಅನ್ನು."

"ಪ್ರಾಣ ಹೋಗ್ತಾ ಐತೆ ಕಣೇ."

"ಹೋಗೋಕ್ ಮುಂಚೆ ಒಂದ್ಸಲ ಅನ್ನು ಮಾರಾಯ."

ಅಂದೆ.

"ನೋಡ್ದಾ? ಐಸಾ ಅನ್ನೋಕ್ ಮುಂಚೆ ಉಸ್ರು ಕಟ್ಕಂಡು ಕಾಲೂರ್ಕಂಡು ನಿಂತ್ಬುಡ್ತೀಯ. ಮರ ಎತ್ತೋನಿಗೆ ಅದು ಸರಿ. ಓಡೋಳು ನಿಂತ್ಕಂಡ್ರೆ ಆಯ್ತದಾ?"

ಇಷ್ಟು ವರ್ಷ ಕೂಗಿದ ನನಗೆ ನನ್ನ ಕೂಗಿನೊಳಗೆ ಒಂದು ನಿಲುಗಡೆ ಇದೆಯೆಂದು ಗೊತ್ತೇ ಇರಲಿಲ್ಲ. ಅವತ್ತೇ ಅವಳು ಐಸಾ ಕಿತ್ತೆಸೆದು ತನ್ನದೇ ಪದ ಕಟ್ಟಿದಳು. ನಾಲ್ಕು ಹೆಜ್ಜೆಗೆ ಒಂದು ಸಾಲು, ಮೆಲ್ಲಗೆ. ಹೇಳುವಾಗ ಉಸಿರು ತಾನಾಗಿ ಹೊರಗೆ ಹೋಗುತ್ತದೆ. ಮುಂದಿನ ನಾಲ್ಕು ಹೆಜ್ಜೆ ಮಾತಿಲ್ಲ, ಉಸಿರು ಒಳಗೆ. "ಅಣ್ಣ ಬಂದ ಸ್ಕೂಟರ್ ತಂದ." ನಾಲ್ಕು ಹೆಜ್ಜೆ ಮೌನ. "ಉಸ್ಸಪ್ಪ ಅಂದ ಕಲ್ಮೇಲ್ ಕೂತ." ಮತ್ತೆ ಮೌನ. ನನ್ನ ಮಾನ ಹೋದಷ್ಟೂ ಅವಳ ವೇಗ ಏರಿತು. ಎಸ್ಟೇಟಿನ ಕೂಲಿ ಲೈನಿನ ಮನೆಗಳ ಹೆಂಗಸರು ಹಲ್ಲುಜ್ಜುತ್ತ ಹೊರಗೆ ನಿಂತು ಅವಳೊಂದಿಗೆ ದನಿಗೂಡಿಸುತ್ತಿದ್ದರು. ತಿಂಗಳೆರಡಾಗುವಷ್ಟರಲ್ಲಿ ಅವಳು ನಡುವೆ ಒಮ್ಮೆಯೂ ಕೂರದೆ ಏರು ಹತ್ತಿ, ಇಳಿದು, ಮನೆಗೆ ಬಂದು ಒಲೆಗೆ ಸೌದೆ ಇಡುತ್ತಿದ್ದಳು. ನೋಡಿ ನನ್ನ ಎದೆ ಉಬ್ಬುತ್ತಿತ್ತು. ನನ್ನ ಎದೆ ಉಬ್ಬುವುದಕ್ಕೆ ಅವಳು ಓಡಬೇಕಾಗಿತ್ತು, ಅಷ್ಟೇ ವ್ಯತ್ಯಾಸ.

ಪರೀಕ್ಷೆಯ ಬೆಳಿಗ್ಗೆ ಹಗ್ಗದ ಹತ್ತಿರ ನಿಂತು ಅವಳು, "ಅಣ್ಣ, ಒಂದೇ ಒಂದು ಉಪಕಾರ ಮಾಡು. ಬಾಯಿ ಬಿಡಬ್ಯಾಡ" ಎಂದಳು. ಆಮೇಲೆ ನಗುತ್ತ ಸೇರಿಸಿದಳು: "ಹೋದ್ ಸಲ ಯಾರೂ ತಳ್ಳಿಲ್ಲ ಅಂತ ನಂಗೂ ಗೊತ್ತು." ಅಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನನ್ನ ತಟ್ಟೆಗೆ ಸಾರು ಬಡಿಸಿದ್ದಾಳೆ. ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ಇದನ್ನು ಸವಿತಾಳೇ ಅವಳಿಗೆ ಓದಿ ಹೇಳಲಿ ಎಂದೇ ಇಲ್ಲಿ ಬರೆದಿದ್ದೇನೆ.

ಹೆಗಲ ಮೇಲಿದ್ದ ಟವೆಲನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡೆ. ಓಟ ಶುರುವಾಯಿತು. ಅವಳು ಹತ್ತಿರ ಬಂದಾಗಲೆಲ್ಲ ತುಟಿ ಆಡುವುದು ಕಾಣುತ್ತಿತ್ತು. ಅವಳ ಪದದಲ್ಲಿ ಒಂದು ಸಲ ನಾನು ಸ್ಕೂಟರ್ ತಂದೆ, ಇನ್ನೊಂದು ಸಲ ಕಲ್ಲಿನ ಮೇಲೆ ಕೂತೆ. ಕೊನೆಯ ಸುತ್ತಿಗೆ ಮುಂದೆ ಇಬ್ಬರೇ ಇದ್ದರು. ನನ್ನ ಹೊಟ್ಟೆಯಿಂದ ಕೂಗು ಎದ್ದು ಗಂಟಲಿಗೆ ಬಂತು. ಮೂಗನ್ನೂ ಹಿಡಿದುಕೊಂಡೆ. ಸವಿತಾ ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನೂ ದಾಟಿದಳು. ಸೀಟಿ ಊದುವಾಗ ಅವಳು ಗೆರೆಯಾಚೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಆಮೇಲೆ ನನಗೆ ಆಕಾಶ ಕಂಡಿತು, ಅದರ ನಡುವೆ ಅವಳ ಮುಖ ಕಂಡಿತು. "ಟವೆಲ್ ತೆಗಿ ಅಣ್ಣ, ಉಸ್ರಾಡು" ಎನ್ನುತ್ತಿದ್ದಳು, ಸಂತೆಗೆ ಹೋಗಿ ಬಂದವಳಷ್ಟು ಸಲೀಸಾಗಿ. ನೀರು ಹಂಚುತ್ತಿದ್ದವನು ಓಡಿ ಬಂದು, "ಇವ್ರೂ ಓಡಿದ್ರೇನಮ್ಮ?" ಎಂದು ಕೇಳಿದ.

"ಇಲ್ಲ ಸಾರ್, ನಂಗೆ ಓಟ ಕಲ್ಸಿದ್ದು ಇವ್ರೇ, ನಮ್ಮಣ್ಣ" ಎಂದಳು.

ಏದುಸಿರು ಬಿಡುತ್ತ ಮಣ್ಣಿನಲ್ಲಿ ಬಿದ್ದಿದ್ದ ನನ್ನನ್ನು ಅವನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಗೆದ್ದವಳಿಗೆಂದು ತಂದಿದ್ದ ಬಾಟಲಿಯನ್ನು ನನ್ನ ಕೈಗೆ ಕೊಟ್ಟ.