ರುಕ್ಮಯ್ಯ ಆಚಾರಿಯ ಕಣ್ಣಿನಿಂದ ವಸೂಲಾದ ಕಬ್ಬಿಣ

ಇಂದ:
ತಿರುಮಲೇಶ್ವರ ಭಟ್ಟ, ಬಿ.ಎಸ್ಸಿ.,
(ಇನ್ನು ಮುಂದೆ ‘ಅರ್ಜಿದಾರ’)
ಸಿದ್ಧಕಟ್ಟೆ, ಬಂಟ್ವಾಳ ತಾಲೂಕು.

ಗೆ:
ಮಾನ್ಯ ಸಹಾಯಕ ನಿರ್ದೇಶಕರು,
ಕಿರು ಲೋಹೋದ್ಯಮ ಪರಿಶೀಲನಾ ಕಚೇರಿ, ಬಂಟ್ವಾಳ.

ವಿಷಯ: ಪರವಾನಗಿಯಿಲ್ಲದೆ ಮನುಷ್ಯನ ಕಣ್ಣಿನಿಂದ ಹೊರತೆಗೆದ ಲೋಹವನ್ನು ಸರಕಾರಕ್ಕೆ ಒಪ್ಪಿಸುವ ಕುರಿತು.

ಉಲ್ಲೇಖ: 1) ಅರ್ಜಿದಾರನ ಮೂಲ ಅರ್ಜಿ, ದಿನಾಂಕ 12-6-1984.
2) ಸದರಿ ಅರ್ಜಿಯ ಬಗ್ಗೆ ನೆನಪೋಲೆಗಳು, ಒಟ್ಟು ಹದಿನೇಳು.
3) ತಮ್ಮ ಕಾರಣ ಕೇಳುವ ನೋಟೀಸು, ದಿನಾಂಕ 3-3-1986.

ಮಾನ್ಯರೇ,

ಉಲ್ಲೇಖ 3ರ ನೋಟೀಸಿನ ಕೊನೆಯಲ್ಲಿ ‘ವಿವರಣೆಯಲ್ಲಿ ನಾನು, ನನ್ನ ಮುಂತಾದ ವೈಯಕ್ತಿಕ ಪದಗಳನ್ನು ಬಳಸತಕ್ಕದ್ದಲ್ಲ’ ಎಂದು ಸೂಚಿಸಿದ ಕಾರಣ, ನಡೆದದ್ದನ್ನು ಬೇರೊಬ್ಬನ ಕಥೆಯಂತೆ ಕೆಳಗೆ ನಿವೇದಿಸಲಾಗಿದೆ.

1. ಅರ್ಜಿದಾರನು ಕೇರಳದ ಒಂದು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಹನ್ನೊಂದು ವರ್ಷ ದುಡಿದು, ಕಡಲ ಮರಳಿನಿಂದ ಅಪರೂಪದ ಲೋಹಗಳನ್ನು ಬೇರ್ಪಡಿಸುವ ವಿದ್ಯೆ ಕಲಿತು ಊರಿಗೆ ಮರಳಿದವನು. ಫರಂಗಿಪೇಟೆಯಲ್ಲಿ ಗುಜರಿ ಅಂಗಡಿ ಇಟ್ಟಿರುವ ಬದ್ರುದ್ದೀನ್ ಅವನ ಸ್ನೇಹಿತ. 1984ರಲ್ಲಿ ಒಂದು ದಿನ ಬದ್ರುದ್ದೀನ್ ಅವನನ್ನು ಅಂಗಡಿಗೆ ಕರೆಸಿ, ಹಳೆ ಕಬ್ಬಿಣದ ಲೋಡಿನಲ್ಲಿ ಬಂದ ಎರಡು ಗೋಣಿ ಕಪ್ಪು ತುಂಡುಗಳನ್ನು ತೋರಿಸಿದ.

“ಭಟ್ರೇ, ಇದೆಂತ ಪಿಶಾಚಿ ಮಾರಾಯ್ರೆ? ತೂಕಕ್ಕೆ ಇಟ್ರೆ ತಕ್ಕಡಿಯನ್ನು ಬಿಡುದೇ ಇಲ್ಲ!”

ಅದು ಸಮೇರಿಯಂ ಮತ್ತು ಕೋಬಾಲ್ಟ್ ಎಂಬ ಲೋಹಗಳಿಂದ ಮಾಡಿದ, ಯಾವುದೋ ಕಾರ್ಖಾನೆ ಎಸೆದ ಅಯಸ್ಕಾಂತ. ಅರ್ಜಿದಾರನಿಗೆ ಆ ರಾಶಿಯಲ್ಲಿ ತನ್ನ ಹನ್ನೊಂದು ವರ್ಷಗಳೂ ಒಟ್ಟಿಗೆ ಕಂಡವು. ಅವನು ಗೋಣಿಗಳನ್ನು ಮನೆಗೆ ತಂದ. ಪುಡಿಯಾದದ್ದನ್ನು ಆಮ್ಲದಲ್ಲಿ ಕರಗಿಸಿ, ಒಂದು ಲವಣ ಬೆರೆಸಿದರೆ ಸಮೇರಿಯಂ ಬೆಳ್ಳಗೆ ತಳಕ್ಕಿಳಿಯುತ್ತದೆ. ಕೋಬಾಲ್ಟ್ ಮೇಲಿನ ಕೆಂಪು ನೀರಿನಲ್ಲಿ ಉಳಿಯುತ್ತದೆ. ಆಮ್ಲ ತಾಳುವ ಪಾತ್ರೆ ಬೇಕಾದ ಕಾರಣ ಹೆಂಡತಿ ವಾಗ್ದೇವಿಯ ಉಪ್ಪಿನಕಾಯಿ ಭರಣಿಗಳು ನಾಲ್ಕು ಕೆಲಸಕ್ಕೆ ಬಂದವು. ಎಷ್ಟು ಹೊತ್ತು ಬಿಟ್ಟರೆ ತಿಳಿ ನಿಲ್ಲುತ್ತದೆ ಎಂಬುದನ್ನು ಆಕೆ ಅರ್ಜಿದಾರನಿಗಿಂತ ಬೇಗ ಕಲಿತಳು. ಪುಡಿಯಾಗದೆ ಉಳಿದ ಒಳ್ಳೆಯ ತುಂಡುಗಳನ್ನು ಅವನು ಉಜ್ಜಿ, ಜೋಡಿಸಿ, ಅಂಟಿಸಿ, ಸಾಬೂನಿನಷ್ಟು ದೊಡ್ಡ ಒಂದು ಅಯಸ್ಕಾಂತ ಮಾಡಿದ. ಮನೆಯ ಸೌಟುಗಳನ್ನೆಲ್ಲ ಅದರಿಂದ ಬಿಡಿಸುವುದೇ ವಾಗ್ದೇವಿಗೆ ಒಂದು ಕೆಲಸವಾಯಿತು.

ಆದ್ದರಿಂದ, ಲೋಹ ಬೇರ್ಪಡಿಸಿ ಅಯಸ್ಕಾಂತ ತಯಾರಿಸುವ ಒಂದು ಕಿರು ಘಟಕಕ್ಕೆ ಪರವಾನಗಿ ಕೋರಿ ಉಲ್ಲೇಖ 1ರ ಅರ್ಜಿ ಸಲ್ಲಿಸಲಾಯಿತು.

2. ಅರ್ಜಿ ಕನ್ನಡದಲ್ಲಿರಬೇಕು ಎಂದು ಅದು ಮರಳಿ ಬಂತು. ಅರ್ಜಿದಾರನು ಈ ಲೋಹಗಳ ‘ರೇರ್ ಅರ್ಥ್’ ಎಂಬ ಇಂಗ್ಲಿಷ್ ಹೆಸರನ್ನು ‘ವಿರಳ ಮಣ್ಣು’ ಎಂದು ಅನುವಾದಿಸಿದ. ಇದು ಅವನದೇ ತಪ್ಪು. ಮಣ್ಣು ಎಂದಿದ್ದ ಕಾರಣ ಕಡತವೂ, ಅದರ ಜೊತೆ ಪೊಟ್ಟಣದಲ್ಲಿ ಕಳುಹಿಸಿದ್ದ ಲೋಹದ ಪುಡಿಯ ಮಾದರಿಯೂ ಮಣ್ಣು ಪರೀಕ್ಷೆಗೆ ಹೋದವು. ಏಳು ತಿಂಗಳ ಬಳಿಕ ವರದಿ ಬಂತು: ‘ಮಣ್ಣಿನಲ್ಲಿ ಹುಳಿ ಹೆಚ್ಚು. ಸುಣ್ಣ ಹಾಕಿದಲ್ಲಿ ತೆಂಗಿಗೆ ಯೋಗ್ಯ.’

3. ತರುವಾಯ ತಾತ್ಕಾಲಿಕ ನೋಂದಣಿ ಕೇಳಲಾಯಿತು. ತಯಾರಾಗುವ ವಸ್ತು ‘ಶಾಶ್ವತ ಅಯಸ್ಕಾಂತ’ವಾಗಿರುವ ಕಾರಣ ತಾತ್ಕಾಲಿಕ ನೋಂದಣಿಗೆ ಅವಕಾಶವಿಲ್ಲವೆಂದು ಉತ್ತರ ಬಂತು. ಶಾಶ್ವತ ನೋಂದಣಿಗೆ ಮೊದಲು ತಾತ್ಕಾಲಿಕ ನೋಂದಣಿಯ ಪ್ರತಿ ಬೇಕೆಂದು ಅದೇ ಉತ್ತರದ ಬೆನ್ನಿನಲ್ಲಿತ್ತು.

4. 1985ರ ನವೆಂಬರದಲ್ಲಿ ತಮ್ಮ ಇನ್‌ಸ್ಪೆಕ್ಟರ್ ಶ್ರೀ ಕೇಶವಪ್ರಸಾದರು ಸ್ಥಳ ತನಿಖೆಗೆ ಬಂದರು. ಸಜ್ಜನರು. ಎಲ್ಲವನ್ನೂ ಕೇಳಿ ತಿಳಿದರು, ಭರಣಿ ಮುಟ್ಟಿ ನೋಡಿದರು, ಅಯಸ್ಕಾಂತವನ್ನು ಎರಡೂ ಕೈಯಲ್ಲಿ ಎತ್ತಿದರು. ಅವರ ಕೈಗಡಿಯಾರ ಅಲ್ಲಿಯೇ ನಿಂತಿತು. ಎರಡು ಗಂಟೆ ಕಳೆದು ಹೊರಡುವಾಗ ಅದನ್ನೇ ನೋಡಿ ವರದಿ ಬರೆದರು: ‘ತನಿಖೆ ಆರಂಭ 11-10. ತನಿಖೆ ಮುಕ್ತಾಯ 11-10.’ ಹೊತ್ತೇ ಹಿಡಿಯದ ತನಿಖೆ ನಡೆದಿಲ್ಲವೆಂದೇ ಭಾವಿಸತಕ್ಕದ್ದೆಂದು ಮೇಲಿನ ಕಚೇರಿಯಿಂದ ಆಕ್ಷೇಪಣೆ ಬಂತು. ಕೇಶವಪ್ರಸಾದರು ಪುನಃ ಬಂದರು. ಗಡಿಯಾರವನ್ನು ಗೇಟಿನ ಹೊರಗೆ ಮರದ ಕೊಂಬೆಗೆ ನೇತುಹಾಕಿ ಒಳಗೆ ಬಂದು, “ಭಟ್ರೇ, ಇದು ಹೆಂಡತಿ ಮನೆಯವರು ಕೊಟ್ಟದ್ದು, ಇನ್ನೊಮ್ಮೆ ನಿಂತರೆ ನಾನು ಮನೆಗೆ ಹೋಗ್ಲಿಕ್ಕಿಲ್ಲ” ಎಂದರು. ಈ ಸಲ ಹೊತ್ತು ಸರಿಯಾಗಿ ದಾಖಲಾಯಿತು. ಆದರೆ ಯಂತ್ರದ ಫೋಟೋ ಇಲ್ಲದ ಕಾರಣ ವರದಿ ಅಪೂರ್ಣವೆಂದಾಯಿತು. ಪರವಾನಗಿ ಇಲ್ಲದೆ ಯಂತ್ರ ಹೂಡುವಂತಿಲ್ಲ, ಯಂತ್ರವಿಲ್ಲದೆ ಪರವಾನಗಿ ಇಲ್ಲ. ಕೇಶವಪ್ರಸಾದರೇ ದಾರಿ ತೋರಿಸಿದರು. “ಯಂತ್ರದ ಹಾಗೆ ಕಾಣುವಂಥದ್ದು ಎಂತಾದ್ರೂ ಮಾಡಿಸಿ. ಫೋಟೋ ಮಾತಾಡುದಿಲ್ಲವಲ್ಲ.”

5. ಈ ಕಾರಣದಿಂದ ಅರ್ಜಿದಾರನು ಊರಿನ ಕಮ್ಮಾರ ರುಕ್ಮಯ್ಯ ಆಚಾರಿಗೆ ಒಂದು ಕಬ್ಬಿಣದ ಚೌಕಟ್ಟು ಮಾಡಲು ಹೇಳಿದ. ಅದರಿಂದ ಯಾವ ಕೆಲಸವೂ ಆಗಲಿಕ್ಕಿರಲಿಲ್ಲ. ಫೋಟೋಕ್ಕೆ ನಿಲ್ಲುವುದಷ್ಟೇ ಅದರ ಕರ್ತವ್ಯ. 1986ರ ಫೆಬ್ರವರಿ 20ರಂದು ಬೆಳಿಗ್ಗೆ ರುಕ್ಮಯ್ಯ ಉಳಿ ಇಟ್ಟು ಚೌಕಟ್ಟಿನ ಮೂಲೆಗೆ ಹೊಡೆದಾಗ ಒಂದು ಚೂರು ಸಿಡಿದು ಅವನ ಎಡಗಣ್ಣಿನ ಕಪ್ಪಿಗೆ ನಾಟಿತು.

ಅರ್ಜಿದಾರನು ಅಲ್ಲಿಯೇ ನಿಂತಿದ್ದ. ರುಕ್ಮಯ್ಯ ಕಣ್ಣಿನ ಮೇಲೆ ಅಂಗೈ ಒತ್ತಿಕೊಂಡು ಕುಕ್ಕರಿಸಿದ. ಗುಜರಿ ಎತ್ತಲು ಬಂದಿದ್ದ ಬದ್ರುದ್ದೀನನೇ ಇಬ್ಬರನ್ನೂ ಟೆಂಪೋ ಹತ್ತಿಸಿ ಮೂಡುಬಿದಿರೆಯ ಕಣ್ಣಿನ ವೈದ್ಯೆ ಡಾ. ಮನೋರಮಾ ಅವರಲ್ಲಿಗೆ ಮುಟ್ಟಿಸಿದ.

ಡಾಕ್ಟರು ದೀಪ ಹಿಡಿದು ನೋಡಿದರು. “ಆಳಕ್ಕೆ ಹೋಗಿದೆ. ಸೂಜಿ ಹಾಕಿ ಕೆದಕಿದ್ರೆ ಇನ್ನೂ ಒಳಗೆ ಹೋದೀತು. ನನ್ನ ಹತ್ತಿರ ಇರುವ ಮ್ಯಾಗ್ನೆಟಿಗೆ ಇದನ್ನು ಎಳೆಯುವ ಬಲ ಇಲ್ಲ. ಮಂಗಳೂರಿನ ದೊಡ್ಡ ಡಾಕ್ಟ್ರು ಊರಲ್ಲಿಲ್ಲ, ನಾಳಿದ್ದೇ ಬರುದಂತೆ. ಅಷ್ಟು ಹೊತ್ತು ಇಡುವ ಹಾಗೆ ಇಲ್ಲ.”

ಬದ್ರುದ್ದೀನ್ ಬಾಗಿಲಿನಿಂದಲೇ ಹೇಳಿದ: “ಬಲದ್ದು ನಮ್ಮ ಭಟ್ರ ಮನೆಯಲ್ಲಿ ಉಂಟು ಡಾಕ್ಟ್ರೇ. ಈಗ ತರ್ತೇನೆ.”

ಅವನು ಹೋಗಿ ಬರುವ ತನಕ ಅರ್ಜಿದಾರನು ರುಕ್ಮಯ್ಯನ ಪಕ್ಕದಲ್ಲಿ ಕುಳಿತಿದ್ದ. ಒಂದು ಫೋಟೋಕ್ಕಾಗಿ ಒಬ್ಬನ ಕಣ್ಣು ಹೋಗುತ್ತಿದೆ ಎಂಬ ಒಂದೇ ಮಾತು ಅವನ ತಲೆಯಲ್ಲಿ ಸುತ್ತುತ್ತಿತ್ತು. ರುಕ್ಮಯ್ಯ ಅವನ ಮೊಣಕಾಲು ತಡವಿ, “ಹೆದರ್ಬೇಡಿ ಭಟ್ರೇ. ಇನ್ನೊಂದು ಉಂಟಲ್ಲ” ಎಂದ. ಅರ್ಜಿದಾರನು ಅತ್ತನೆಂಬುದನ್ನು ಇಲ್ಲಿ ದಾಖಲಿಸಲಾಗಿದೆ. ಅದಕ್ಕೆ ಪರವಾನಗಿ ಬೇಕಾಗುತ್ತದೆಯೇ ಎಂಬುದು ಅವನಿಗೆ ತಿಳಿಯದು.

ವಾಗ್ದೇವಿ ಅಯಸ್ಕಾಂತವನ್ನು ಮರದ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದ್ದಳು. ಆದರೂ ಟೆಂಪೋದಲ್ಲಿದ್ದ ಒಂದು ಸ್ಪ್ಯಾನರು ಮತ್ತು ಹಿಡಿಯಷ್ಟು ಮೊಳೆಗಳು ಪೆಟ್ಟಿಗೆಗೆ ಹೊರಗಿನಿಂದಲೇ ಕಚ್ಚಿಕೊಂಡು ಬಂದಿದ್ದವು.

“ಕುದಿಸಿದ್ರೆ ಇದರ ಶಕ್ತಿ ಹೋಗ್ತದಾ?” ಡಾಕ್ಟರು ಕೇಳಿದರು.

“ಇಲ್ಲ. ಅದಕ್ಕೆ ಆ ಬಿಸಿ ಏನೂ ಅಲ್ಲ” ಎಂದ ಅರ್ಜಿದಾರ. ಎರಡು ವರ್ಷದಲ್ಲಿ ಅವನ ಅಯಸ್ಕಾಂತದ ಬಗ್ಗೆ ಯಾರಾದರೂ ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು.

ಕುದಿಸಿದರು. ಕತ್ತರಿ, ಚಿಮುಟಗಳನ್ನೆಲ್ಲ ಆಚೆ ಕೋಣೆಗೆ ಒಯ್ದರು. ಕಣ್ಣಿಗೆ ಮರಗಟ್ಟುವ ಹನಿ ಬಿಟ್ಟು, ಅಯಸ್ಕಾಂತದ ಮೂತಿಗೆ ಒಂದು ಕಬ್ಬಿಣದ ಕಡ್ಡಿ ಸೇರಿಸಿ, ಅದರ ತುದಿಯನ್ನು ಡಾಕ್ಟರು ಮೆಲ್ಲಗೆ ಕಣ್ಣಿನ ಹತ್ತಿರ ತಂದರು. ‘ಟಿಕ್’ ಎಂದಿತು. ಇಷ್ಟು ಸಣ್ಣ ಸದ್ದಿಗೆ ನಾಲ್ಕು ಮಂದಿ ಒಟ್ಟಿಗೆ ಉಸಿರು ಬಿಟ್ಟದ್ದನ್ನು ಅರ್ಜಿದಾರನು ಹಿಂದೆಂದೂ ಕೇಳಿರಲಿಲ್ಲ.

ಒಂಬತ್ತನೆಯ ದಿನ ಪಟ್ಟಿ ಬಿಚ್ಚಿದರು. ರುಕ್ಮಯ್ಯ ಬಲಗಣ್ಣು ಮುಚ್ಚಿಕೊಂಡು ಎದುರಿನ ಕ್ಯಾಲೆಂಡರಿನ ತಾರೀಕುಗಳನ್ನು ಒಂದೊಂದಾಗಿ ಓದಿದ. ಏಕಾದಶಿಯನ್ನೂ ಬಿಡಲಿಲ್ಲ.

6. ಇಂಥ ಉಪಕರಣಕ್ಕೆ ಬೇಗ ಪರವಾನಗಿ ಕೊಡಿರೆಂದು ಡಾ. ಮನೋರಮಾ ಅವರು ಒಳ್ಳೆಯ ಮನಸ್ಸಿನಿಂದ ತಮಗೆ ಪತ್ರ ಬರೆದರು. ಹದಿನೇಳು ನೆನಪೋಲೆಗೆ ಮಿಸುಕದ ಕಡತ ಆ ಒಂದು ಪತ್ರಕ್ಕೆ ಮೂರೇ ದಿನದಲ್ಲಿ ಮಿಸುಕಿತು. ಬಂದದ್ದು ಉಲ್ಲೇಖ 3ರ ನೋಟೀಸು. ಅದರ ಪ್ರಕಾರ, ಅರ್ಜಿದಾರನು ‘ಪರವಾನಗಿ ಇಲ್ಲದೆ ಲೋಹವನ್ನು ಪುನಃ ವಸೂಲು’ ಮಾಡಿದ್ದಾನೆ. ಆದಕಾರಣ ವಸೂಲಾದ ಲೋಹವನ್ನು, ಅದರ ತೂಕವನ್ನು ಕ್ವಿಂಟಾಲಿನಲ್ಲಿ ನಮೂದಿಸಿ, ಹದಿನೈದು ದಿನದೊಳಗೆ ಕಚೇರಿಗೆ ಒಪ್ಪಿಸತಕ್ಕದ್ದು.

ಅರ್ಜಿದಾರನು ಇದನ್ನು ರುಕ್ಮಯ್ಯನಿಗೆ ಓದಿ ಹೇಳಿದ.

“ಅದು ನನ್ನ ಕಣ್ಣಿನಲ್ಲಿದ್ದದ್ದಲ್ವಾ? ಸರ್ಕಾರಕ್ಕೆ ಯಾಕೆ?”

“ನಿಯಮ ಉಂಟಂತೆ.”

“ಹಾಗಾದ್ರೆ ಕೊಡುವ ಭಟ್ರೇ. ಅವರಿಗೂ ಸ್ವಲ್ಪ ಚುಚ್ಚಲಿ.”

ಆದ್ದರಿಂದ ಕೆಳಗಿನಂತೆ ಪ್ರಾರ್ಥನೆ:

ಅ) ಈ ಜೊತೆ ಲಗತ್ತಿಸಿದ ಲೋಹವನ್ನು (ತೂಕ 0.00000002 ಕ್ವಿಂಟಾಲ್) ಸ್ವೀಕರಿಸಿ ರಶೀದಿ ಕೊಡಬೇಕು.

ಆ) ಉಲ್ಲೇಖ 1ರ ಅರ್ಜಿಯನ್ನು ಮಂಜೂರು ಮಾಡಬೇಕು, ಇಲ್ಲವೇ ತಿರಸ್ಕರಿಸಬೇಕು. ಎರಡರಲ್ಲಿ ಯಾವುದಾದರೂ ಆದೀತು.

ಇ) ಅಯಸ್ಕಾಂತವು ಸದ್ಯ ಡಾ. ಮನೋರಮಾ ಅವರಲ್ಲೇ ಇದೆ. ಕಳೆದ ವಾರ ನೆರಿಯದ ಒಬ್ಬ ಕಲ್ಲು ಕಡಿಯುವವನ ಕಣ್ಣಿನಿಂದ ಉಳಿಯ ಚೂರನ್ನು ಅದರಿಂದಲೇ ತೆಗೆದಿದ್ದಾರೆ. ಅರ್ಜಿದಾರನು ಅದನ್ನು ವಾಪಸು ಕೇಳುವುದಿಲ್ಲ. ಆದಕಾರಣ ಸದರಿ ಅಪರಾಧವು ಮುಂದುವರಿಯಲಿದೆ ಎಂಬುದನ್ನು ಮುಂಚಿತವಾಗಿ ತಿಳಿಸಲಾಗಿದೆ.

ಈ) ಲಗತ್ತು 1ರ ಪೊಟ್ಟಣವನ್ನು ಫ್ಯಾನು ಆರಿಸಿ ಬಿಚ್ಚಬೇಕು. ಒಳಗಿನ ಲೋಹವನ್ನು ಕಾಣಲು ಒಳ್ಳೆಯ ಕಣ್ಣು ಬೇಕು. ತಮ್ಮ ಕಚೇರಿಯಲ್ಲಿ ಅಂಥದ್ದು ಇಲ್ಲದ ಪಕ್ಷದಲ್ಲಿ ತಿಳಿಸಿದರೆ, ರುಕ್ಮಯ್ಯ ಆಚಾರಿಯನ್ನು ಬೆಳಗಿನ ಬಸ್ಸಿನಲ್ಲಿ ಕಳುಹಿಸಿಕೊಡಲಾಗುವುದು.

ಇಂತು, ಇಂದಿನವರೆಗೂ ತಮ್ಮ ವಿಶ್ವಾಸಿ,
ತಿರುಮಲೇಶ್ವರ ಭಟ್ಟ
ಸಿದ್ಧಕಟ್ಟೆ, 17-3-1986

ಲಗತ್ತುಗಳು:
1) ಕಬ್ಬಿಣದ ಚೂರು, ಒಂದು (ಪೊಟ್ಟಣದಲ್ಲಿ).
2) ಮಣ್ಣು ಪರೀಕ್ಷೆಯ ವರದಿ.
3) ಯಂತ್ರದ ಫೋಟೋ. (ಚೌಕಟ್ಟನ್ನು ರುಕ್ಮಯ್ಯನೇ ಪೂರ್ತಿ ಮಾಡಿಕೊಟ್ಟಿರುತ್ತಾನೆ.)