ಒಂಟೆಗಳಿಗೆ ಕಣ್ಣಿನ ಪರೀಕ್ಷೆ

ನನ್ನ ಮಾನ ಹೋಗಿದ್ದು ಒಂದು ಕೊಳವೆಯಿಂದ. ಅದು ಅಲ್ಮಾಟಿಯ ಪ್ರಯೋಗಾಲಯವೊಂದರಲ್ಲಿ, ಜಿನೈದಾ ಪಾವ್ಲೊವ್ನಾ ಎಂಬ ಅಧಿಕಾರಿಣಿಯ ಮೇಜಿನ ಮೇಲೆ, ಚಹಾ ಬಟ್ಟಲಿನ ಪಕ್ಕದಲ್ಲಿ ಇರುತ್ತದೆ. ಕೋಳಿಮೊಟ್ಟೆಯೂ ಹಿಡಿಸದಷ್ಟು ಕಿರಿದು. ಪುಟ್ಟ ಮಗುವಿನ ಬಾಯಿ, ಗಂಟಲು ನೋಡಿಕೊಂಡು ಅದರ ಅಳತೆ ಮಾಡಿದ್ದಾರಂತೆ. ಹೊರದೇಶದಿಂದ ಬಂದ ಯಾವುದೇ ಆಟಿಕೆಯಿಂದ ಕಿತ್ತುಬಂದ ಚೂರು ಅದರೊಳಗೆ ಪೂರ್ತಿ ಇಳಿದರೆ, ಆ ಆಟಿಕೆಯನ್ನು ಪುಟ್ಟ ಮಕ್ಕಳಿಗೆ ಮಾರುವಂತಿಲ್ಲ.

"ಎಂಥೆಂಥ ಮರುಭೂಮಿ ದಾಟಿ ಬಂದ ಸರಕು ಕೊನೆಗೆ ಈ ತೂತಿನಲ್ಲಿ ಸಿಕ್ಕಿಕೊಳ್ಳಬೇಕೇ?" ಎಂದು ಮೊದಲ ದಿನವೇ ಕೇಳಿದ್ದೆ.

"ಸಿಕ್ಕಿಕೊಂಡರೆ ಚಿಂತೆಯಿಲ್ಲ, ಎರ್ಮೆಕ್ ಅವರೇ. ಒಳಗೆ ಹೋದರೆ ಚಿಂತೆ," ಎಂದರು ಆಕೆ.

ನನ್ನ ಸರಕು ಒಂಟೆಗಳು. ಗಡಿಯಾಚೆಯ ಉರುಮ್ಚಿ ಪೇಟೆಯಿಂದ ನಾನೇ ಹೋಗಿ ಆರಿಸಿ ತಂದ, ಎರಡು ಡುಬ್ಬದ, ಉಣ್ಣೆಯಂಥ ಮೈಯ, ಹೊಳೆಯುವ ಕಪ್ಪು ಕಣ್ಣಿನ ಗೊಂಬೆ ಒಂಟೆಗಳು. ಗೋದಾಮಿನ ತುಂಬ ಅವೇ. ನೌರೂಜ್ ಹಬ್ಬ ಹತ್ತಿರವಾಗಿತ್ತು. ಪ್ರಮಾಣಪತ್ರ ಕೈಗೆ ಬಾರದೆ ಒಂದನ್ನೂ ಮಾರುವಂತಿರಲಿಲ್ಲ.

ನನ್ನ ಹೆಂಡತಿ ರೌಷಾನ್ ಮೊದಲೇ ಷರತ್ತು ಹಾಕಿದ್ದಳು. (ನನ್ನ ಹಿಂದಿನ ಎರಡು ಮಹೋದ್ಯಮಗಳಾದ ಕೊಡೆಗಳು ಮತ್ತು ಚಹಾಕ್ಕೆ ನೀರು ಕಾಸುವ ಪ್ಲಾಸ್ಟಿಕ್ ಸಮೋವರ್‌ಗಳ ಬಗ್ಗೆ ಇಲ್ಲಿ ಮಾತು ಬೇಡ. ಆ ವರ್ಷ ಮಳೆ ಬರಲಿಲ್ಲ. ಸಮೋವರ್‌ಗಳು ಕರಗಿದವು.)

"ಇದೂ ಕೈಕೊಟ್ಟರೆ ನೀವು ನಮ್ಮಣ್ಣನ ಮಾಂಸದಂಗಡೀಲಿ ಕುರಿತಲೆ ಸುಡೋಕೆ ಹೋಗಬೇಕು. ಅವನು ನಿಮಗೆ ಏಪ್ರನ್ ಕೂಡ ಹೊಲಿಸಿಟ್ಟಿದ್ದಾನೆ," ಎಂದಿದ್ದಳು.

"ನನ್ನ ಅಳತೆ ಯಾರು ಕೊಟ್ಟರು?"

"ನಾನೇ. ಕೊಡೆ ವ್ಯಾಪಾರದ ಕಾಲದಲ್ಲೇ."

ಜಿನೈದಾ ಪಾವ್ಲೊವ್ನಾ ಗೋದಾಮಿಗೆ ಬಂದು, ತಮಗೆ ತೋಚಿದ ಮೂಲೆಯಿಂದ ಕೆಲವು ಒಂಟೆಗಳನ್ನು ಎಳೆದು, ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೆ ದಾರ ಬಿಗಿದು ಮುದ್ರೆ ಒತ್ತಿದರು. "ನಾಳೆ ಬೆಳಗ್ಗೆ ತನ್ನಿ. ಮುದ್ರೆ ಮುಟ್ಟಬೇಡಿ," ಎಂದರು. ನಾನು ಪೆಟ್ಟಿಗೆಯನ್ನು ಮನೆಗೆ ತಂದು ಸೋಫಾದ ಪಕ್ಕ ಇಟ್ಟೆ. ಅದೇ ತಪ್ಪಾಯಿತು.

ಸಂಜೆ ಚಹಾದ ಹೊತ್ತಿಗೆ ತಂಗಿ ಕುಲ್ಯಾಶ್ ಬಂದಳು, ಮಗಳು ಇಂಕಾರ್‌ಳನ್ನು ಕರೆದುಕೊಂಡು. ಇಂಕಾರ್‌ಗೆ ಎರಡೂವರೆ ವರ್ಷ. ನಮ್ಮಲ್ಲಿ ಹೆಣ್ಣುಮಗಳ ಮಗುವಿಗೆ ಜಿಯೆನ್ ಎನ್ನುತ್ತೇವೆ. ಜಿಯೆನ್ ತಾಯಿಯ ತವರಲ್ಲಿ ಮೂರು ಸಲ ಏನು ಕೇಳಿದರೂ ಇಲ್ಲ ಎನ್ನಬಾರದು. ಜಿಯೆನ್ ಮೇಲೆ ಕೈ ಎತ್ತಿದ ಸೋದರಮಾವನಿಗೆ ಆ ಕೈ ನಡುಗಲು ಶುರುವಾಗುತ್ತದೆ. ನಾನು ಓದಿದವನು, ಇದನ್ನೆಲ್ಲ ನಂಬುವುದಿಲ್ಲ. ಆದರೆ ಕೈಗಳು ನನಗೆ ಎರಡೇ ಇರುವುದು.

ಇಂಕಾರ್ ಪೆಟ್ಟಿಗೆಯ ಸಂದಿಯಲ್ಲಿ ಇಣುಕಿದಳು. ಒಳಗಿನಿಂದ ಒಂಟೆಯೂ ಇಣುಕಿತು.

"ಮಾವಾ, ಇದು ನಂಗೆ."

"ಕೊಡಬೇಡಿ," ಎಂದಳು ರೌಷಾನ್ ಅಡುಗೆಮನೆಯಿಂದಲೇ.

"ಕೊಡಬೇಡ ಬಿಡಣ್ಣ," ಎಂದಳು ಕುಲ್ಯಾಶ್, ಎಣ್ಣೆಯಲ್ಲಿ ಕರಿದ ಬೌರ್ಸಾಕ್ ಉಂಡೆ ಮುರಿಯುತ್ತ. "ವ್ಯಾಪಾರ ಮುಖ್ಯ. ನಮ್ಮ ಅತ್ತೆ ಊರಲ್ಲಿ ಒಬ್ಬರು ಜಿಯೆನ್‌ಗೆ ಕುದುರೆಮರಿ ಕೊಡಲ್ಲ ಅಂದ್ರಂತೆ. ಈಗ ಪಾಪ, ಅವರಿಗೆ ಚಹಾ ಬೇರೆಯವರು ಕುಡಿಸಬೇಕು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡು."

ಆಗ ನನಗೆ ಹೊಳೆಯಿತು. ಮುದ್ರೆ ಇರುವುದು ಪೆಟ್ಟಿಗೆಯ ಮೇಲೆ. ತಳಕ್ಕೆ ಯಾವ ಮುದ್ರೆಯೂ ಇಲ್ಲ. ಪೆಟ್ಟಿಗೆಯನ್ನು ಬೋರಲು ಹಾಕಿ, ಚಾಕುವಿನಿಂದ ತಳ ಕುಯ್ದು, ಒಂದು ಒಂಟೆಯನ್ನು ಎಳೆದುಕೊಟ್ಟೆ. ಬೆಳಗ್ಗೆ ಗೋದಾಮಿನಿಂದ ಇನ್ನೊಂದು ತುರುಕಿದರೆ ಲೆಕ್ಕ ಸರಿ.

ಇಂಕಾರ್ ಒಂಟೆಯನ್ನು ಸೋಫಾದ ಮೇಲಿನಿಂದ ನೆಲಕ್ಕೆ ಎಸೆದಳು. "ಬೀಳಿಸುವ ಪರೀಕ್ಷೆ, ಪಾಸ್," ಎಂದೆ. ಕಿವಿ ಹಿಡಿದು ಜಗ್ಗಿದಳು. "ಎಳೆತದ ಪರೀಕ್ಷೆ, ಪಾಸ್." ಅಮ್ಮನ ಚಹಾದಲ್ಲಿ ಅದ್ದಿದಳು. "ಬಣ್ಣದ ಪರೀಕ್ಷೆ. ನೋಡೇ ರೌಷಾನ್, ಒಂದು ಹನಿ ಬಣ್ಣ ಬಿಟ್ಟಿಲ್ಲ. ಪ್ರಯೋಗಾಲಯದ ಆಯಮ್ಮ ವಾರಗಟ್ಟಲೆ ಮಾಡೋ ಕೆಲಸಾನ ನನ್ನ ಸೊಸೆ ಒಂದು ಚಹಾ ಮುಗಿಯೋದ್ರೊಳಗೆ ಮಾಡ್ತಿದ್ದಾಳೆ."

ರೌಷಾನ್ ಬಾಗಿಲಲ್ಲಿ ಬಂದು ನಿಂತಳು. ನನ್ನನ್ನು ನೋಡಲಿಲ್ಲ. "ಮಗು ಯಾಕೆ ಸುಮ್ಮನಾಯ್ತು?" ಎಂದಳು.

ಇಂಕಾರ್ ಬಾಯಿ ತೆರೆದುಕೊಂಡು ನಿಂತಿದ್ದಳು. ಸದ್ದಿಲ್ಲ. ಮುಖ ಕಪ್ಪಿಡುತ್ತಿತ್ತು. ಕೈಯಲ್ಲಿದ್ದ ಒಂಟೆಗೆ ಒಂದೇ ಕಣ್ಣಿತ್ತು.

ಅಷ್ಟು ಭಯ ನಾನು ಯಾವತ್ತೂ ಪಟ್ಟಿಲ್ಲ. ಮಗುವನ್ನು ಎತ್ತಿ ತೋಳಿನ ಮೇಲೆ ಬೋರಲು ಹಾಕಿಕೊಂಡು, ಬೆನ್ನಿಗೆ ಅಂಗೈಯಿಂದ ಬಡಿದೆ. ಮತ್ತೆ ಬಡಿದೆ. ಒಂಟೆಯ ಕಣ್ಣು ಅವಳ ಬಾಯಿಂದ ಹಾರಿ ಜಾಮಿನ ಬಟ್ಟಲಿಗೆ ಬಿತ್ತು. ಇಂಕಾರ್ ಕಿರುಚಿ ಅತ್ತಳು. ಅಷ್ಟು ಇಂಪಾದ ಅಳು ನಾನು ಕೇಳಿರಲಿಲ್ಲ. ಕುಲ್ಯಾಶ್ ಮಗುವನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು. ರೌಷಾನ್ ಗೋಡೆ ಹಿಡಿದು ಕುಳಿತಳು.

ಸ್ವಲ್ಪ ಹೊತ್ತಿಗೆ ಇಂಕಾರ್ ಅಳು ನಿಲ್ಲಿಸಿ, "ಆ ಕಣ್ಣೂ ಬೇಕು," ಎಂದು ಒಂಟೆಯ ಕಡೆ ಕೈ ಚಾಚಿದಳು.

"ಅಣ್ಣ," ಎಂದಳು ಕುಲ್ಯಾಶ್, ಮೂಗು ಒರೆಸಿಕೊಂಡು. "ನೀನು ಜಿಯೆನ್‌ಗೆ ಹೊಡೆದೆ."

ನಾನು ಕೈ ನೋಡಿಕೊಂಡೆ. ನಡುಗುತ್ತಿತ್ತು.

ಬೆಳಗಾಗುವಷ್ಟರಲ್ಲಿ ನನ್ನೊಳಗಿನ ವ್ಯಾಪಾರಿ ಎದ್ದು ಕುಳಿತಿದ್ದ. "ಬೇರೆ ಒಂಟೆ ತುರುಕಿ ಕೊಟ್ಟುಬಿಡೋಣ," ಎಂದೆ. "ಅವರ ಪರೀಕ್ಷೇಲಿ ಪಾಸಾದ್ರೂ ಆಗಬಹುದು. ನಾನೇ ಉರುಮ್ಚಿಯಲ್ಲಿ ಕಣ್ಣು ಎಳೆದು ನೋಡಿದ್ದೆ, ಬರಲಿಲ್ಲ."

"ನಿಮ್ಮ ಕೈಗೆ ಉಪ್ಪಿನಕಾಯಿ ಜಾಡಿ ಮುಚ್ಚಳಾನೂ ಬರಲ್ಲ," ಎಂದಳು ರೌಷಾನ್. " ಊರಲ್ಲಿ ಇಂಕಾರ್ ಒಬ್ಬಳೇನಾ ಮಗು? ನಡೀರಿ."

ಪ್ರಯೋಗಾಲಯದಲ್ಲಿ ರೌಷಾನ್ ಕರವಸ್ತ್ರ ಬಿಚ್ಚಿ ಕಣ್ಣನ್ನು ಮೇಜಿನ ಮೇಲಿಟ್ಟಳು. ಜಿನೈದಾ ಪಾವ್ಲೊವ್ನಾ ಅದನ್ನು ಕೊಳವೆಗೆ ಹಾಕಿದರು. ಟಿಕ್ ಎಂದು ತಳ ಸೇರಿತು. ಆಮೇಲೆ ಆಕೆ ಪೆಟ್ಟಿಗೆಯನ್ನು ಬೋರಲು ಹಾಕಿದರು.

"ಮುದ್ರೆ ಸರಿಯಾಗಿದೆ. ತಳ ಎಲ್ಲಿ?"

"ಜಿಯೆನ್ ಬಂದಿದ್ದಳು," ಎಂದೆ.

ಆಕೆ ರಷ್ಯದವರ ಪೈಕಿ. ಆದರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. "ಎಷ್ಟನೇ ಸಲ ಕೇಳಿದ್ದು?" ಎಂದರು.

"ಮೊದಲನೇದು."

"ಇನ್ನೂ ಎರಡಿದೆ," ಎಂದು ನಿಟ್ಟುಸಿರು ಬಿಟ್ಟು, ನನ್ನ ಅರ್ಜಿಯ ಮೇಲೆ ಅಡ್ಡಗೆರೆ ಎಳೆದರು. ಸರಕು ತಿದ್ದಿಕೊಂಡು ಮತ್ತೆ ಅರ್ಜಿ ಹಾಕಬಹುದೆಂದೂ, ಹೊಸ ಮಾದರಿಗಳನ್ನು ಈ ಸಲ ತಾವೇ ಹೊತ್ತೊಯ್ಯುವುದಾಗಿಯೂ ಹೇಳಿದರು.

ದಾರಿಯುದ್ದಕ್ಕೂ ನಾನು ಏಪ್ರನ್ನಿನ ಯೋಚನೆಯಲ್ಲಿದ್ದೆ. ರೌಷಾನ್ ಫೋನಿನಲ್ಲಿದ್ದಳು. ಮನೆ ಮುಟ್ಟುವಷ್ಟರಲ್ಲಿ ಅವಳು ಅಸಾರ್ ಕರೆದಾಗಿತ್ತು. ಅಸಾರ್ ಎಂದರೆ ನೆಂಟರು, ನೆರೆಯವರು ಕೂಲಿಯಿಲ್ಲದೆ ಬಂದು ಕೆಲಸ ಮುಗಿಸಿಕೊಡುತ್ತಾರೆ, ನಾವು ಹೊಟ್ಟೆ ತುಂಬ ಊಟ ಹಾಕಬೇಕು. ಗೋದಾಮಿನ ತುಂಬ ಹೆಂಗಸರು ಕುಳಿತು ಒಂಟೆಗಳ ಕಣ್ಣು ಕಿತ್ತು, ಆ ಜಾಗದಲ್ಲಿ ಕಪ್ಪು ದಾರದಿಂದ ಕಣ್ಣು ಕಸೂತಿ ಹಾಕಿದರು. ಯಾರು ಹಾಕಿದರೋ ಅವರದೇ ಕಣ್ಣು ಒಂಟೆಗೆ ಬಂತು. ಕುಲ್ಯಾಶ್ ಹಾಕಿದ ಒಂಟೆಗಳೆಲ್ಲ ನನ್ನನ್ನೇ ಗುರಾಯಿಸುತ್ತಿದ್ದವು.

ಊಟಕ್ಕೆ ಬೇಕಾದ ಕುರಿತಲೆಗಳನ್ನು ಭಾವಮೈದ ಕಳಿಸಿಕೊಟ್ಟ, ಸುಡದೆ. ಜೊತೆಗೆ ಏಪ್ರನ್. ನಾನು ಅಂಗಳದಲ್ಲಿ ನಡುಗುವ ಕೈಯಲ್ಲಿ ಬೆಂಕಿ ಹಿಡಿದು ಕುರಿತಲೆಗಳ ಕೂದಲು ಸುಡುತ್ತ, ಜೊತೆಗೆ ಸ್ವಲ್ಪ ನನ್ನ ಹುಬ್ಬನ್ನೂ ಸುಟ್ಟುಕೊಂಡೆ. ಏಪ್ರನ್ ಮಾತ್ರ ಅಚ್ಚುಕಟ್ಟಾಗಿ ಕೂತಿತ್ತು. ಅಂದೇ ಇಂಕಾರ್ ನನ್ನ ನರಿತೊಗಲಿನ ಟೋಪಿ ಕೇಳಿದಳು. ಕೊಟ್ಟೆ.

ಹೊಸ ಒಂಟೆಗಳು ಪರೀಕ್ಷೆ ಪಾಸಾದವು. ಪ್ರಮಾಣಪತ್ರ ಬಂತು, ಈ ಸಲ ಅರ್ಜಿ ಹಾಕಿದ್ದ ರೌಷಾನ್ ಹೆಸರಿಗೆ. ನೌರೂಜ್‌ಗೆ ಮುಂಚೆ ಅವಳೇ ಬಜಾರಿನಲ್ಲಿ ಅಂಗಡಿ ತೆರೆದಳು. ನಾನು ಗಲ್ಲಾದಲ್ಲಿ ಕೂರುವವನಿದ್ದೆ. ಅಷ್ಟರಲ್ಲಿ ನನ್ನ ಟೋಪಿ ಹಾಕಿಕೊಂಡ ಇಂಕಾರ್ ಬಂದಳು. ಅಂಗಡಿ ತುಂಬ ಒಂಟೆಗಳಿದ್ದವು. ಒಂದೊಂದನ್ನೂ ನೋಡಿದಳು. ಆಮೇಲೆ ನನ್ನ ಕಡೆ ಬೆರಳು ತೋರಿಸಿದಳು.

"ಈ ಒಂಟೆ ಬೇಕು."

"ಮೂರನೇದು ಅಣ್ಣ," ಎಂದಳು ಕುಲ್ಯಾಶ್. "ಬೇಡ ಅಂದ್ರೂ ಪರವಾಗಿಲ್ಲ. ಇನ್ನೊಂದು ಕೈ ಚೆನ್ನಾಗೇ ಇದೆಯಲ್ಲ."

ನಾನು ಅಂಗಡಿಯ ಮುಂದೆ ಮಂಡಿಯೂರಿ ಬಗ್ಗಿದೆ. ಇಂಕಾರ್ ಬೆನ್ನೇರಿ ಎರಡೂ ಕಿವಿ ಹಿಡಿದಳು. ಬಜಾರಿನ ಜನ ಕೂಡಿತು. ಕೂಡಿದವರೆಲ್ಲ ಒಂದೊಂದು ಒಂಟೆ ಕೊಂಡರು. ರೌಷಾನ್‌ಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಎರಡನೇ ಸುತ್ತಿನಲ್ಲಿ ನನ್ನ ಮೂಗಿನ ಮುಂದೆ ಒಂದು ಜೊತೆ ಬೂಟು ನಿಂತಿತು. ತಲೆ ಎತ್ತಿದೆ. ಜಿನೈದಾ ಪಾವ್ಲೊವ್ನಾ ಮೊಮ್ಮಗನಿಗೆ ಒಂಟೆ ಕೊಳ್ಳಲು ಬಂದಿದ್ದರು. ನನ್ನ ಸುಟ್ಟ ಹುಬ್ಬನ್ನು, ನಡುಗುವ ಕೈಯನ್ನು ಸಾವಕಾಶವಾಗಿ ನೋಡಿ, ನನ್ನ ಹೆಂಡತಿಯ ಕಡೆ ತಿರುಗಿದರು.

"ಇದಕ್ಕೆ ಪರೀಕ್ಷೆ ಆಗಿದೆಯೇನಮ್ಮ?"

"ಮದುವೆ ಆದಾಗಿಂದ ಆಗ್ತಾನೇ ಇದೆ," ಎಂದಳು ರೌಷಾನ್, ಚಿಲ್ಲರೆ ಕೊಡುತ್ತ. "ಮಾರಾಟಕ್ಕಿಲ್ಲ ಬಿಡಿ. ಮನೆ ಬಳಕೆಗೆ."